ಬಯಾಪ್ಸಿ ರಿಪೋರ್ಟಿನ ಕೊನೆಯ ಸಾಲುಗಳು

(ಬೆಂಗಳೂರಿನ ಜಯನಗರದಲ್ಲಿ ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ನನ್ನ ಉತ್ತರಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಿದುಳಿನ ಗಡ್ಡೆಗೆ ಆಪರೇಶನ್ ಆದ ಮೇಲೆ ಮನೆಯವರ ಕೈಗೆ ಒಂದು ರಿಪೋರ್ಟ್ ಬರುತ್ತದೆ. ಮೇಲ್ಗಡೆ ಕಾಯಿಲೆಯ ಹೆಸರು, ಗಡ್ಡೆ ಎಷ್ಟು ಉಗ್ರ ಎಂದು 1ರಿಂದ 4ರವರೆಗೆ ಹೇಳುವ ಗ್ರೇಡು. ಕೆಳಗೆ ಐಡಿಎಚ್, ಎಟಿಆರ್‌ಎಕ್ಸ್, 1ಪಿ/19ಕ್ಯೂ, ಎಂಜಿಎಂಟಿ ಎಂಬ ಅಕ್ಷರಗಳು, ಅಂದರೆ ಗಡ್ಡೆಯ ಜೀನು-ಕ್ರೋಮೋಸೋಮುಗಳ ಗುರುತುಗಳು. ಪಕ್ಕದಲ್ಲಿ ಪಾಸಿಟಿವ್, ನೆಗೆಟಿವ್, ಮೀಥೈಲೇಟೆಡ್ ಎಂಬ ಮಾತುಗಳು. ಹೆಚ್ಚಿನವರು ಗ್ರೇಡಿನ ಮೇಲೆ ಕಣ್ಣು ನೆಟ್ಟು ಈ ಸಾಲುಗಳನ್ನು ಹಾರಿಸಿಬಿಡುತ್ತಾರೆ. ಕೆಲವರು ರಾತ್ರಿಯಿಡೀ ಮೊಬೈಲಿನಲ್ಲಿ ಹುಡುಕಿ, ಬೆಳಗಾಗುವಷ್ಟರಲ್ಲಿ ಒಂದು ಸಂಖ್ಯೆ ಹಿಡಿದುಕೊಂಡು ಬರುತ್ತಾರೆ. ನಾನು ಪ್ಯಾಥಾಲಜಿಸ್ಟ್. ಆ ಸಾಲುಗಳನ್ನು ಬರೆಯುವುದು ನನ್ನ ಕೆಲಸ. ರೋಗಿಯ ಮುಖವನ್ನು ನಾನು ನೋಡುವುದು ಅಪರೂಪ, ಅವರ ಗಡ್ಡೆಯ ಚೂರನ್ನು ಮಾತ್ರ ದಿನವೂ ನೋಡುತ್ತೇನೆ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟು: ಈ ಅಣುಮಟ್ಟದ ಗುರುತುಗಳನ್ನು ಆಯಸ್ಸಿನ ಲೆಕ್ಕವೆಂದು ಓದುವ ಮೊದಲು ಕಾಯಿಲೆಯ ಹೆಸರೆಂದು ಓದಬೇಕು. ಹೆಸರು ತಪ್ಪಿದರೆ ಚಿಕಿತ್ಸೆ ತಪ್ಪುತ್ತದೆ, ಲೆಕ್ಕವೂ ತಪ್ಪುತ್ತದೆ. ಆದ್ದರಿಂದ ಈ ಪರೀಕ್ಷೆಗಳು ನಿಮ್ಮವರಿಗೆ ಆಗಿವೆಯೇ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಲೇಬೇಕು.

ದೊಡ್ಡವರ ಮಿದುಳಿನಲ್ಲಿ ಕಾಣುವ ಕ್ಯಾನ್ಸರುಗಳಲ್ಲಿ ಶ್ವಾಸಕೋಶದಿಂದಲೋ ಸ್ತನದಿಂದಲೋ ಬಂದು ನೆಲೆಸಿದವೇ ಹೆಚ್ಚು. ಅವುಗಳ ವಿಷಯ ಇವತ್ತು ಬೇಡ. ಮಿದುಳಿನಲ್ಲೇ ಹುಟ್ಟುವ ಗ್ಲಯೋಮಾಗಳ ಬಗ್ಗೆ ಮಾತಾಡೋಣ.

1926ರಲ್ಲಿ ಅಮೆರಿಕದ ಪರ್ಸಿವಲ್ ಬೈಲಿ ಮತ್ತು ಹಾರ್ವೆ ಕುಶಿಂಗ್ ಎಂಬ ವೈದ್ಯರು ಗ್ಲಯೋಮಾಗಳನ್ನು ಜೀವಕೋಶಗಳ ರೂಪ ನೋಡಿ ವಿಂಗಡಿಸಿದರು. ಅಲ್ಲಿಂದ ಸುಮಾರು 90 ವರ್ಷ ಇಡೀ ಜಗತ್ತು ಅದೇ ದಾರಿಯಲ್ಲಿ ನಡೆಯಿತು. ನಕ್ಷತ್ರದ ಹಾಗೆ ಚಾಚಿಕೊಂಡಿದ್ದರೆ ಆಸ್ಟ್ರೋಸೈಟೋಮಾ. ನಡುವೆ ದುಂಡನೆಯ ಕೋಶಕೇಂದ್ರ, ಸುತ್ತ ತಿಳಿಯಾದ ಬಯಲು ಇದ್ದರೆ ಆಲಿಗೋಡೆಂಡ್ರೋಗ್ಲಯೋಮಾ. ನಮ್ಮ ಪಠ್ಯಪುಸ್ತಕಗಳು ಇದನ್ನು ಹುರಿದ ಮೊಟ್ಟೆಗೆ ಹೋಲಿಸುತ್ತವೆ. ಈ ಮೊಟ್ಟೆಯ ಚಿತ್ರ ಮಾತ್ರ ಜೀವಂತ ಮಿದುಳಿನಲ್ಲಿ ಇರುವುದೇ ಇಲ್ಲ. ಚೂರನ್ನು ಫಾರ್ಮಲಿನ್‌ನಲ್ಲಿ ಇಟ್ಟಾಗ ಕೋಶ ಉಬ್ಬಿ ಹಾಗೆ ಕಾಣುತ್ತದೆ. ಆಪರೇಶನ್ ನಡೆಯುತ್ತಿರುವಾಗಲೇ ಹೆಪ್ಪುಗಟ್ಟಿಸಿ ನೋಡುವ ತುಣುಕಿನಲ್ಲಿ ಅದು ಸಿಗುವುದಿಲ್ಲ. ಅಂಥ ಒಂದು ನೆರಳನ್ನು ನಂಬಿಕೊಂಡು ದಶಕಗಳ ಕಾಲ ಹೆಸರಿಟ್ಟಿದ್ದೇವೆ. ಒಂದೇ ಸ್ಲೈಡನ್ನು ಇಬ್ಬರು ನುರಿತ ಪ್ಯಾಥಾಲಜಿಸ್ಟರು ನೋಡಿ ಎರಡು ಹೆಸರು ಹೇಳುತ್ತಿದ್ದುದು ಸಾಮಾನ್ಯವಾಗಿತ್ತು. ಎರಡರ ಲಕ್ಷಣವೂ ಇದೆ ಎನಿಸಿದಾಗ ಆಲಿಗೋ-ಆಸ್ಟ್ರೋಸೈಟೋಮಾ ಎಂಬ ಮಿಶ್ರ ಹೆಸರು ಬರೆದು ಕಳಿಸುತ್ತಿದ್ದೆವು. ಅದನ್ನು ಓದಿದ ಕೀಮೋ ವೈದ್ಯರು ಏನು ಮಾಡಬೇಕು?

2008ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ, ಗ್ಲಯೋಮಾಗಳಲ್ಲೇ ಅತಿ ಉಗ್ರವಾದ, ಗ್ರೇಡ್ 4ರ ಗ್ಲಯೋಬ್ಲಾಸ್ಟೋಮಾದ 22 ಗಡ್ಡೆಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜೀನುಗಳನ್ನು ಒಂದೊಂದಾಗಿ ಓದಿತು. ಯಾರೂ ಕ್ಯಾನ್ಸರಿನ ಜೊತೆ ಸೇರಿಸಿ ಯೋಚಿಸದಿದ್ದ ಒಂದು ಜೀನು ಅಲ್ಲಿ ಎದ್ದು ಬಂತು: ಐಡಿಎಚ್1. ಕೋಶದೊಳಗಿನ ದಿನನಿತ್ಯದ ರಾಸಾಯನಿಕ ಕೆಲಸದಲ್ಲಿ ತೊಡಗಿರುವ ಒಂದು ಸಾಧಾರಣ ಕಿಣ್ವ ಅದು. ಆ ಪ್ರೋಟೀನಿನ 132ನೇ ಜಾಗದಲ್ಲಿ ಅರ್ಜಿನಿನ್ ಎಂಬ ಅಮೈನೋ ಆಮ್ಲದ ಬದಲು ಹಿಸ್ಟಿಡಿನ್ ಬಂದು ಕೂತರೆ ಕಿಣ್ವದ ಕೆಲಸವೇ ಬದಲಾಗುತ್ತದೆ. 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ವಸ್ತುವನ್ನು ಅದು ರಾಶಿ ರಾಶಿಯಾಗಿ ತಯಾರಿಸುತ್ತದೆ. ಈ ವಸ್ತು ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳನ್ನು ಅಳಿಸುವ ಕಿಣ್ವಗಳನ್ನು ತಡೆಯುತ್ತದೆ; ಕೋಶ ಬೆಳೆದು ಪಕ್ವವಾಗುವ ಬದಲು ಅರ್ಧದಲ್ಲೇ ನಿಂತು ವಿಭಜಿಸುತ್ತ ಹೋಗುತ್ತದೆ. ಗಡ್ಡೆಗೆ ಕಾರಣವಾದ ಇದೇ ಬದಲಾವಣೆ ಗಡ್ಡೆಯ ವೇಗವನ್ನೂ ತಿಳಿಸುತ್ತದೆ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೂಕ್ಷ್ಮದರ್ಶಕದಡಿ ಗ್ಲಯೋಬ್ಲಾಸ್ಟೋಮಾ ಎನಿಸಿಕೊಂಡವರಲ್ಲೇ ಐಡಿಎಚ್ ಬದಲಾದವರ ಬದುಕಿನ ಮಧ್ಯಾಂಕ (ಅರ್ಧ ಜನ ಇದಕ್ಕಿಂತ ಕಡಿಮೆ, ಅರ್ಧ ಜನ ಹೆಚ್ಚು ಬದುಕಿದ ಅವಧಿ) 31 ತಿಂಗಳು, ಬದಲಾಗದವರದು 15. ಒಂದು ಮೆಟ್ಟಿಲು ಕೆಳಗಿನ ಗ್ರೇಡಿನ ಆಸ್ಟ್ರೋಸೈಟೋಮಾದಲ್ಲಿ 65 ತಿಂಗಳು ಮತ್ತು 20.

ಈ ಅಂಕಿಗಳನ್ನು ಅಡ್ಡ ಇಟ್ಟು ನೋಡಿ. ಐಡಿಎಚ್ ಬದಲಾದ ಗ್ರೇಡ್ 4ರವರು, ಐಡಿಎಚ್ ಬದಲಾಗದ ಗ್ರೇಡ್ 3ರವರಿಗಿಂತ ಹೆಚ್ಚು ಕಾಲ ಬದುಕಿದ್ದಾರೆ. ಗ್ರೇಡು ಒಂದನ್ನೇ ನೋಡಿ ಹೆದರಿದವರೂ ಸಮಾಧಾನಪಟ್ಟವರೂ ಇಬ್ಬರೂ ದಾರಿ ತಪ್ಪುತ್ತಾರೆ ಎಂದು ನಾನು ಹೇಳುವುದು ಇದಕ್ಕೇ.

ಈ ಪರೀಕ್ಷೆ ನಡೆಯುವ ರೀತಿಯನ್ನೂ ಹೇಳುತ್ತೇನೆ, ನಮ್ಮ ಟೆಕ್ನಿಶಿಯನ್ನರ ಕೈಚಳಕ ಯಾರಿಗೂ ಕಾಣುವುದಿಲ್ಲ. ಫಾರ್ಮಲಿನ್‌ನಲ್ಲಿ ನೆನೆದ ಚೂರನ್ನು ಕರಗಿದ ಪ್ಯಾರಾಫಿನ್ ಮೇಣದಲ್ಲಿ ಕೂರಿಸಿ ಗಟ್ಟಿ ಮಾಡುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಈ ಮೇಣದ ತುಂಡಿಗೇ ನಾವು ಬ್ಲಾಕ್ ಎನ್ನುವುದು. ಮೈಕ್ರೋಟೋಮ್ ಯಂತ್ರದ ಅಲಗಿನಿಂದ ಅದನ್ನು ಮೂರು ನಾಲ್ಕು ಮೈಕ್ರಾನಿನಷ್ಟು, ಅಂದರೆ ಮಿಲಿಮೀಟರಿನ ಸಾವಿರ ಭಾಗದಲ್ಲಿ ಮೂರು ನಾಲ್ಕರಷ್ಟು ತೆಳ್ಳಗೆ ಹೆರೆಯುತ್ತಾರೆ. ಪದರು ರಿಬ್ಬನ್ನಿನಂತೆ ಬರುತ್ತದೆ. ಅದನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಟ್ಟ ಮೇಲೆ ಗಾಜಿನ ಸ್ಲೈಡಿನಲ್ಲಿ ಎತ್ತಿಕೊಳ್ಳುತ್ತಾರೆ. ಬದಲಾದ ಐಡಿಎಚ್ ಪ್ರೋಟೀನನ್ನು ಮಾತ್ರ ಹಿಡಿಯುವ ಪ್ರತಿಕಾಯವನ್ನು ಅದರ ಮೇಲೆ ಹಾಕಿ ಬಣ್ಣ ಬರಿಸಿದರೆ, ಗಡ್ಡೆಯ ಕೋಶಗಳು ಕಂದು ಬಣ್ಣದಲ್ಲಿ ಕಾಣುತ್ತವೆ, ಪಕ್ಕದ ಆರೋಗ್ಯವಂತ ಕೋಶಗಳು ನೀಲಿಯಾಗಿಯೇ ಉಳಿಯುತ್ತವೆ. ಮಿದುಳಿನೊಳಗೆ ಒಂಟಿಯಾಗಿ ನುಸುಳಿದ ಒಂದೇ ಒಂದು ಕಂದು ಕೋಶವೂ ಸಿಕ್ಕಿಬೀಳುತ್ತದೆ. ಇಷ್ಟು ವರ್ಷ ನೋಡಿದ ಮೇಲೂ ಆ ಕಂದು ಬಣ್ಣ ಕಂಡ ಕ್ಷಣ ನನಗೆ ಎದೆ ಹಗುರಾಗುತ್ತದೆ. ಹೊರಗೆ ಕಾಯುತ್ತಿರುವ ಯಾರೋ ಒಬ್ಬರಿಗೆ ವರ್ಷಗಳು ಸಿಕ್ಕ ಹಾಗೆ.

ಇಲ್ಲಿ ಒಂದು ಎಚ್ಚರಿಕೆ. ಆ ಪ್ರತಿಕಾಯ ಹಿಡಿಯುವುದು ಅತಿ ಸಾಮಾನ್ಯವಾದ ಬದಲಾವಣೆಯನ್ನು ಮಾತ್ರ. ಗ್ಲಯೋಮಾಗಳ ಐಡಿಎಚ್ ಬದಲಾವಣೆಗಳಲ್ಲಿ ಹತ್ತಕ್ಕೆ ಒಂಬತ್ತು ಅದೇ ಆದರೂ, ಉಳಿದ ಒಂದು ಹಿಡಿತಕ್ಕೆ ಬರುವುದಿಲ್ಲ. 55 ವರ್ಷದೊಳಗಿನವರ ರಿಪೋರ್ಟಿನಲ್ಲಿ ಐಡಿಎಚ್ ನೆಗೆಟಿವ್ ಎಂದಿದ್ದರೆ ಅಲ್ಲಿಗೆ ಬಿಡಬಾರದು, ಜೀನಿನ ಅಕ್ಷರಗಳನ್ನೇ ಓದುವ ಜೀನ್ ಸೀಕ್ವೆನ್ಸಿಂಗ್ ಆಗಬೇಕು. ಇದನ್ನು ಮರೆಯದೆ ಕೇಳಿ.

1ಪಿ/19ಕ್ಯೂ ವಿಷಯಕ್ಕೆ ಬರೋಣ. ಒಂದನೇ ಕ್ರೋಮೋಸೋಮಿನ ಗಿಡ್ಡ ತೋಳು ಮತ್ತು ಹತ್ತೊಂಬತ್ತನೆಯದರ ಉದ್ದ ತೋಳು ಎರಡೂ ಪೂರ್ತಿಯಾಗಿ ಕಳೆದುಹೋಗಿದ್ದರೆ, ಜೊತೆಗೆ ಐಡಿಎಚ್ ಬದಲಾಗಿದ್ದರೆ, ಅದು ಆಲಿಗೋಡೆಂಡ್ರೋಗ್ಲಯೋಮಾ. ಮೊಟ್ಟೆಯ ಆಕಾರ ಕಂಡರೂ ಕಾಣದಿದ್ದರೂ ಸರಿ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಈ ನಿಯಮ ತಂದಾಗ ಆ ಹಳೆಯ ಮಿಶ್ರ ಹೆಸರು ಹೆಚ್ಚುಕಡಿಮೆ ಮಾಯವಾಯಿತು. ಈ ಗುರುತಿನ ಬೆಲೆ ಎಷ್ಟೆಂದು ತಿಳಿಯಲು ವೈದ್ಯರು ಬಹಳ ಕಾಲ ಕಾಯಬೇಕಾಯಿತು. 1998ರಲ್ಲೇ ಕೆನಡಾದ ಗ್ರೆಗರಿ ಕೇರ್ನ್‌ಕ್ರಾಸ್ ಮತ್ತು ಸಂಗಡಿಗರು, ಈ ತೋಳುಗಳು ಕಳೆದುಹೋದ ಗಡ್ಡೆಗಳು ಕೀಮೋಗೆ ಚೆನ್ನಾಗಿ ಬಗ್ಗುತ್ತವೆ ಎಂದು ತೋರಿಸಿದ್ದರು. ರೇಡಿಯೇಶನ್ ಜೊತೆ ಕೀಮೋ ಕೊಟ್ಟರೆ ಲಾಭವೇ ಎಂದು ನೋಡಿದ ದೊಡ್ಡ ಪ್ರಯೋಗದ ಮೊದಲ ವರದಿಯಲ್ಲಿ ಎರಡೂ ಗುಂಪಿನ ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ರೋಗಿಗಳನ್ನು ಕೈಬಿಡದೆ ವರ್ಷಗಟ್ಟಲೆ ಅನುಸರಿಸಿದ ಮೇಲೆ, 2013ರ ವರದಿಯಲ್ಲಿ ಸತ್ಯ ಹೊರಬಿತ್ತು: ಗಡ್ಡೆಯಲ್ಲಿ ಈ ಎರಡೂ ಕ್ರೋಮೋಸೋಮ್ ತೋಳು ಕಳೆದಿದ್ದವರಲ್ಲಿ ರೇಡಿಯೇಶನ್ ಮಾತ್ರ ಪಡೆದವರ ಮಧ್ಯಾಂಕ 7.3 ವರ್ಷ, ಕೀಮೋವನ್ನೂ ಪಡೆದವರದು 14.7 ವರ್ಷ. ಎರಡರಷ್ಟು! ಮಕ್ಕಳನ್ನು ಶಾಲೆಗೆ ಸೇರಿಸಿದ ತಾಯಿ ಅವರ ಡಿಗ್ರಿ ಮುಗಿಯುವುದನ್ನು ನೋಡುತ್ತಾಳೆಂದರೆ, ಈ ಒಂದು ಪರೀಕ್ಷೆ ಆಗದೆ ಉಳಿಯುವುದು ನನಗೆ ಸಹಿಸಲಾಗದ ಸಂಗತಿ.

ಇನ್ನು ಎಂಜಿಎಂಟಿ. ಟೆಮೊಜೊಲೊಮೈಡ್ ಎಂಬ ಮಾತ್ರೆಯ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರುತ್ತೀರಿ. ಅದು ಗಡ್ಡೆಯ ಡಿಎನ್‌ಎಗೆ ಮೀಥೈಲ್ ಗುಂಪುಗಳನ್ನು ಅಂಟಿಸಿ ಕೋಶವನ್ನು ಸಾಯಿಸುತ್ತದೆ. ಎಂಜಿಎಂಟಿ ಪ್ರೋಟೀನು ಅದನ್ನು ಕಿತ್ತು ರಿಪೇರಿ ಮಾಡುತ್ತದೆ. ಗಡ್ಡೆಯಲ್ಲಿ ಈ ರಿಪೇರಿ ಜೀನು ತಾನಾಗಿಯೇ ಮುಚ್ಚಿಹೋಗಿದ್ದರೆ ಮಾತ್ರೆ ಕೆಲಸ ಮಾಡುತ್ತದೆ. ರಿಪೋರ್ಟಿನಲ್ಲಿ ಮೀಥೈಲೇಟೆಡ್ ಎಂದಿದ್ದರೆ ಜೀನು ಮುಚ್ಚಿದೆ ಎಂದರ್ಥ, ಅದು ರೋಗಿಗೆ ಒಳ್ಳೆಯದು. 2005ರ ಅಧ್ಯಯನದಲ್ಲಿ ಹೀಗೆ ಮುಚ್ಚಿದ್ದವರು ರೇಡಿಯೇಶನ್ ಜೊತೆ ಮಾತ್ರೆಯನ್ನೂ ಪಡೆದಾಗ ಮಧ್ಯಾಂಕ 21.7 ತಿಂಗಳು, ಬರೀ ರೇಡಿಯೇಶನ್ ಪಡೆದಾಗ 15.3. ಮುಚ್ಚದವರಲ್ಲಿ 12.7 ಮತ್ತು 11.8.

ಈ ಗುರುತು ನಮ್ಮ ಕರ್ನಾಟಕದ ಮನೆಗಳಲ್ಲಿ ಎಲ್ಲಿ ಲೆಕ್ಕಕ್ಕೆ ಬರುತ್ತದೆ ಅನ್ನುವುದನ್ನು ನೋಡಿ. ರೇಡಿಯೇಶನ್‌ನ ಪೂರ್ಣ ಕೋರ್ಸ್ ಎಂದರೆ ವಾರಕ್ಕೆ ಐದು ದಿನದಂತೆ ಆರು ವಾರ, 30 ಸಲ. ರಾಯಚೂರಿನಿಂದಲೋ ಬೀದರಿನಿಂದಲೋ ಬಂದ ಕುಟುಂಬ ಆಸ್ಪತ್ರೆಯ ಹತ್ತಿರ ರೂಮು ಹಿಡಿದು ಇರಬೇಕು. ಮಗ ಕೂಲಿ ಬಿಟ್ಟು ಬಂದಿರುತ್ತಾನೆ. ರೋಗಿ 72 ವರ್ಷದ ಅಜ್ಜ, ಒಂದು ಕಡೆ ಕೈಕಾಲು ಬಿದ್ದುಹೋಗಿದೆ. ಅಂಥ ವಯಸ್ಸಾದವರಿಗೆ ಮೂರು ವಾರದ ಚಿಕ್ಕ ಕೋರ್ಸ್ ಸಾಕೆಂದು ಈಗ ಗೊತ್ತಾಗಿದೆ. 2012ರಲ್ಲಿ ಬಂದ ಎರಡು ಯುರೋಪಿಯನ್ ಪ್ರಯೋಗಗಳು, ವೃದ್ಧರಲ್ಲಿ ಎಂಜಿಎಂಟಿ ಮುಚ್ಚಿದ್ದರೆ ಮಾತ್ರೆಯೊಂದನ್ನೇ ಕೊಡುವುದೂ ಒಂದು ದಾರಿ ಎಂದು ತೋರಿಸಿದವು. ಮುಚ್ಚಿರದಿದ್ದರೆ ಮಾತ್ರೆಯನ್ನೇ ನಂಬಿಕೊಳ್ಳುವಂತಿಲ್ಲ, ರೇಡಿಯೇಶನ್ ಬೇಕು. ಅಜ್ಜ ಊರಲ್ಲೇ ಇರಬಹುದೇ, ಬೆಂಗಳೂರಿನಲ್ಲಿ ರೂಮು ಹಿಡಿಯಬೇಕೇ ಎಂಬುದನ್ನು ಎಂಜಿಎಂಟಿಯ ಒಂದು ಸಾಲು ತೀರ್ಮಾನಿಸಬಹುದು. ಆಯಸ್ಸು ಹೇಳುವ ಗುರುತು, ಚಿಕಿತ್ಸೆ ಆರಿಸಲು ನೆರವಾಗುವ ಗುರುತು ಎಂದು ನಾವು ಎರಡು ಬಗೆ ಮಾಡುತ್ತೇವೆ. ರೋಗಿಯ ಮನೆಯವರು ಎರಡನೆಯದನ್ನು ಮೊದಲು ಕೇಳಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸ್ಲೈಡಿನಲ್ಲಿ ಸಾಧುವಾಗಿ ಕಾಣುವ, ಐಡಿಎಚ್ ಬದಲಾಗದ ಆಸ್ಟ್ರೋಸೈಟೋಮಾದಲ್ಲಿ ಟರ್ಟ್ ಜೀನಿನ ಬದಲಾವಣೆಯೋ, ಇಜಿಎಫ್‌ಆರ್ ಜೀನಿನ ಹೆಚ್ಚಳವೋ, ಏಳನೇ ಕ್ರೋಮೋಸೋಮ್ ಹೆಚ್ಚಾಗಿ ಹತ್ತನೆಯದು ಕಳೆದುಹೋಗಿರುವುದೋ ಕಂಡರೆ ಅದನ್ನು ಗ್ಲಯೋಬ್ಲಾಸ್ಟೋಮಾ ಎಂದೇ ಕರೆಯಬೇಕು. ಐಡಿಎಚ್ ಬದಲಾದ ಆಸ್ಟ್ರೋಸೈಟೋಮಾದಲ್ಲಿ ಸಿಡಿಕೆಎನ್2ಎ/ಬಿ ಜೀನುಗಳ ಎರಡೂ ಪ್ರತಿ ಅಳಿಸಿಹೋಗಿದ್ದರೆ ಅದು ಗ್ರೇಡ್ 4. ಮಕ್ಕಳಲ್ಲಿ ಬೇರೆಯದೇ ಲೋಕ. ಕಿರುಮಿದುಳಿನಲ್ಲಿ ಹುಟ್ಟುವ ಮೆಡುಲ್ಲೋಬ್ಲಾಸ್ಟೋಮಾ ಎಂಬ ಕ್ಯಾನ್ಸರಿನ ನಾಲ್ಕು ಗುಂಪುಗಳಲ್ಲಿ ಡಬ್ಲ್ಯುಎನ್‌ಟಿ ಗುಂಪಿನ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಯಿಂದ ಉಳಿಯುತ್ತಾರೆ. ಮಿದುಳಿನ ನಡುಗೆರೆಯಲ್ಲಿ ಎಚ್3 ಕೆ27 ಬದಲಾವಣೆಯ ಗ್ಲಯೋಮಾ ಬಂದ ಮಕ್ಕಳಲ್ಲಿ ಹೆಚ್ಚಿನವರನ್ನು ಇಂದಿಗೂ ಉಳಿಸಿಕೊಳ್ಳಲಾಗುತ್ತಿಲ್ಲ.

ಈಗ ಮನೆಯವರು ಮೊಬೈಲಿನಲ್ಲಿ ಹುಡುಕಿ ತರುವ ಆ ಸಂಖ್ಯೆಯ ಮಾತು. ಒಮ್ಮೆ ಒಬ್ಬ ಹುಡುಗ ತಾಯಿಯ ಬ್ಲಾಕ್ ತೆಗೆದುಕೊಳ್ಳಲು ನಮ್ಮ ವಿಭಾಗಕ್ಕೆ ಬಂದಿದ್ದ. ಗ್ಲಯೋಬ್ಲಾಸ್ಟೋಮಾ, ಎಂಜಿಎಂಟಿ ಮೀಥೈಲೇಟೆಡ್. ರಶೀದಿಗೆ ಸಹಿ ಹಾಕಿ, ಹೋಗದೆ ಅಲ್ಲೇ ನಿಂತ.

"ಮೇಡಂ, ಅಮ್ಮನಿಗೆ ಹದಿನೈದೇ ತಿಂಗಳಾ?"

"ಯಾರಪ್ಪ ಹೇಳಿದ್ದು?"

"ನೆಟ್ಟಲ್ಲಿ ನೋಡಿದೆ. ಅಕ್ಕನ ಮದುವೆ ಮುಂದಿನ ವರ್ಷ ಅಂತ ಮಾತಾಗಿದೆ. ಈಗಲೇ ಮಾಡಿಬಿಡಬೇಕಾ?"

ಕೂರಿಸಿ ಒಂದು ಕಾಗದದ ಮೇಲೆ ಬರೆದು ತೋರಿಸಿದೆ. ಆ ಹದಿನೈದು ಬಂದದ್ದು 2005ರಲ್ಲಿ ಪ್ರಕಟವಾದ, 573 ರೋಗಿಗಳ ಪ್ರಯೋಗದಿಂದ. ರೇಡಿಯೇಶನ್ ಜೊತೆ ಮಾತ್ರೆ ಪಡೆದವರ ಮಧ್ಯಾಂಕ 14.6 ತಿಂಗಳು. ಮಧ್ಯಾಂಕ ಅಂದರೆ ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದರು ಎಂದು. ಆ ಹೆಚ್ಚು ಎಷ್ಟು ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಅದೇ ಗುಂಪಿನಲ್ಲಿ ನೂರಕ್ಕೆ 26 ಜನ ಎರಡು ವರ್ಷ ದಾಟಿದರು, ಸುಮಾರು 10 ಜನ ಐದು ವರ್ಷ ದಾಟಿದರು. ಅವರಲ್ಲಿ 70 ದಾಟಿದವರನ್ನು ಸೇರಿಸಿರಲಿಲ್ಲ, ಎಲ್ಲರೂ ಸಾಕಷ್ಟು ಗಟ್ಟಿಯಾಗಿದ್ದವರು. ನಿಮ್ಮಮ್ಮನ ವಯಸ್ಸು, ಅವರು ಎದ್ದು ಓಡಾಡುತ್ತಾರಾ, ಸರ್ಜನ್ ಎಷ್ಟು ಗಡ್ಡೆ ತೆಗೆದರು, ಎಂಜಿಎಂಟಿ ಏನು, ಇವೆಲ್ಲ ಸೇರಿ ಅಂದಾಜು ಅತ್ತಿತ್ತ ಆಗುತ್ತದೆ, ಅಮ್ಮನ ಎಂಜಿಎಂಟಿ ಅವರ ಪರವಾಗಿದೆ ಎಂದೆ.

ಆದರೂ ಮದುವೆ ಬೇಗ ಇಟ್ಟುಕೊಳ್ಳಿ ಎಂದೇ ಹೇಳಿದೆ. ಅಮ್ಮ ನಡೆದಾಡಿಕೊಂಡು, ಮಾತಾಡಿಕೊಂಡು ಇರುವಾಗ ಧಾರೆ ಎರೆಯಲಿ. ಸಂಖ್ಯೆಯನ್ನು ನಂಬಬೇಡಿ ಎಂದು ಬೆನ್ನು ತಟ್ಟಿ ಕಳಿಸುವುದು ಸುಲಭವಿತ್ತು, ಅದು ಆ ಹುಡುಗನಿಗೆ ಮಾಡುವ ಅನ್ಯಾಯ. ಮನೆ ಪತ್ರ, ಬ್ಯಾಂಕಿನ ಸಹಿ, ಮಗಳ ಮದುವೆ, ಇಂಥವನ್ನು ಮುಂದೂಡದೆ ಮಾಡಿಕೊಳ್ಳಲು ಅಂದಾಜು ಬೇಕು. ಚಿಕಿತ್ಸೆ ನಿಲ್ಲಿಸಿ ಊರಿಗೆ ಕರೆದೊಯ್ಯಲು ಅದೇ ಅಂದಾಜನ್ನು ನೆಪ ಮಾಡಿಕೊಂಡಾಗ ಮಾತ್ರ ನನಗೆ ಸಂಕಟವಾಗುತ್ತದೆ.

ನಮ್ಮ ಊರಿನ ಕೆಲಸವನ್ನೂ ನೀವು ತಿಳಿದಿರಬೇಕು. ನಿಮ್ಹಾನ್ಸ್‌ನಲ್ಲಿ ಪ್ರೊ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ 1995ರಲ್ಲಿ ಮಿದುಳು ಅಂಗಾಂಶದ ಭಂಡಾರ ಶುರುವಾಯಿತು. ಅಲ್ಲಿನ ಮಿದುಳು ಮ್ಯೂಸಿಯಂ ಸಾರ್ವಜನಿಕರಿಗೂ ತೆರೆದಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ. ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕುಮಾರವೇಲ್ ಸೋಮಸುಂದರಂ ಅವರ ಪ್ರಯೋಗಾಲಯ 2011ರಲ್ಲಿ ಜೀನುಗಳ ಕೆಲಸವನ್ನು ಹತೋಟಿಯಲ್ಲಿಡುವ ಮೈಕ್ರೋ ಆರ್‌ಎನ್‌ಎ ಎಂಬ ಪುಟ್ಟ ಅಣುಗಳಲ್ಲಿ ಹತ್ತರ ಏರಿಳಿತವನ್ನು ಒಟ್ಟಿಗೆ ನೋಡಿ ಗ್ಲಯೋಬ್ಲಾಸ್ಟೋಮಾ ರೋಗಿಗಳನ್ನು ಹೆಚ್ಚು ಅಪಾಯ, ಕಡಿಮೆ ಅಪಾಯ ಎಂದು ವಿಂಗಡಿಸಬಹುದೆಂದು ತೋರಿಸಿತು. ಅದಕ್ಕೆ ಬಳಸಿದ್ದು ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆಯ 222 ರೋಗಿಗಳ ದತ್ತಾಂಶ. 2013ರಲ್ಲಿ ನಿಮ್ಹಾನ್ಸ್ ವೈದ್ಯರೊಂದಿಗೆ ಸೇರಿ ಹದಿನಾಲ್ಕು ಜೀನುಗಳ ಇನ್ನೊಂದು ಗುಚ್ಛ ಪ್ರಕಟಿಸಿದರು.

ಹಾಗಾದರೆ ಇವು ನಿಮ್ಮ ರಿಪೋರ್ಟಿನಲ್ಲಿ ಏಕಿಲ್ಲ? ಜಗತ್ತಿನಾದ್ಯಂತ ಇಂಥ ಗುಚ್ಛಗಳು ಬೇಕಾದಷ್ಟು ಪ್ರಕಟವಾಗಿವೆ, ಆಸ್ಪತ್ರೆಯ ಮೇಜಿಗೆ ಬಂದವು ಬೆರಳೆಣಿಕೆ. ಆರ್‌ಎನ್‌ಎ ಬೇಗ ಕೆಡುತ್ತದೆ. ಒಂದು ಯಂತ್ರದ ಅಂಕಿ ಇನ್ನೊಂದು ಯಂತ್ರದ ಅಂಕಿಗೆ ತಾಳೆಯಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರೋಗಿ ಹೆಚ್ಚು ಅಪಾಯದ ಗುಂಪಿನವರೆಂದು ಗೊತ್ತಾದ ಮೇಲೆ ಅವರಿಗೆ ಬೇರೆ ಏನು ಕೊಡಬೇಕೆಂಬುದಕ್ಕೆ ಉತ್ತರ ಇರಬೇಕು. ಈ ಸಂಶೋಧನೆಗಳ ದೊಡ್ಡ ಫಲ ಬೇರೆ ಕಡೆ ಇದೆ: ಯಾವ ಜೀನುಗಳು ಗಡ್ಡೆಯನ್ನು ಬೆಳೆಸುತ್ತವೆ ಎಂಬ ತಿಳಿವಳಿಕೆಯಲ್ಲಿ. ಆ ದಾರಿಯಲ್ಲಿ ಔಷಧ ಸಿಗುತ್ತದೆ ಎಂಬುದಕ್ಕೆ ಐಡಿಎಚ್ಚೇ ಸಾಕ್ಷಿ. ಬದಲಾದ ಆ ಕಿಣ್ವವನ್ನೇ ತಡೆಯುವ ವೊರಾಸಿಡೆನಿಬ್ ಮಾತ್ರೆ, ಗ್ರೇಡ್ 2 ಗಡ್ಡೆ ಮತ್ತೆ ಬೆಳೆಯದಿರುವ ಅವಧಿಯನ್ನು 11.1 ತಿಂಗಳಿಂದ 27.7 ತಿಂಗಳಿಗೆ ಏರಿಸಿತೆಂದು 2023ರಲ್ಲಿ ತಿಳಿದುಬಂತು; 2024ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2008ರ ಆ ಪಟ್ಟಿಯಲ್ಲಿ ಎದ್ದು ಕಂಡ ಒಂದು ಜೀನು, 16 ವರ್ಷದಲ್ಲಿ ಮಾತ್ರೆಯಾಗಿ ಬಂದಿದೆ.

ಕೊನೆಗೆ ಮನೆಯವರು ಮಾಡಬೇಕಾದ ಕೆಲಸ. ಆಪರೇಶನ್‌ಗೆ ಮುಂಚೆಯೇ ಸರ್ಜನ್ ಅವರನ್ನು ಕೇಳಿ: ಈ ಪರೀಕ್ಷೆಗಳು ಇಲ್ಲೇ ಆಗುತ್ತವೆಯೇ, ಹೊರಗೆ ಕಳಿಸಬೇಕೇ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನವರು ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ಯಾವುದಕ್ಕೆ ಹಣ ಸಿಗುತ್ತದೆ, ಯಾವುದಕ್ಕೆ ಕೈಯಿಂದ ಕೊಡಬೇಕು ಎಂದು ಮೊದಲೇ ವಿಚಾರಿಸಿ. ಬೇರೆ ಆಸ್ಪತ್ರೆಗೆ ಹೋಗುವಾಗ ಸ್ಕ್ಯಾನಿನ ಸಿಡಿ ಮಾತ್ರ ಒಯ್ದರೆ ಸಾಲದು, ಬ್ಲಾಕ್ ಮತ್ತು ಸ್ಲೈಡುಗಳನ್ನು ಬರೆದುಕೊಟ್ಟು ಪಡೆಯಿರಿ. ಬ್ಲಾಕನ್ನು ಬಿಸಿಲು ಬೀಳುವ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ, ಅದು ಮೇಣ.

ಸಭಿಕರ ಪ್ರಶ್ನೆಗಳು

ರಕ್ತ ಪರೀಕ್ಷೆಯಲ್ಲೇ ಇದೆಲ್ಲ ಗೊತ್ತಾಗುವುದಿಲ್ಲವೇ ಎಂದು ಹಿರಿಯರೊಬ್ಬರು ಕೇಳಿದರು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಅದು ಬಳಕೆಗೆ ಬಂದಿದೆ. ಮಿದುಳಿಗೂ ರಕ್ತಕ್ಕೂ ನಡುವೆ ಇರುವ ತಡೆಯಿಂದಾಗಿ ಗ್ಲಯೋಮಾದ ಡಿಎನ್‌ಎ ರಕ್ತಕ್ಕೆ ಬರುವುದು ಬಹಳ ಕಡಿಮೆ. ಮಿದುಳು ಬಳ್ಳಿಯ ದ್ರವದಲ್ಲಿ ಹೆಚ್ಚು ಸಿಗುತ್ತದೆ. ಇವತ್ತಿನ ಮಟ್ಟಿಗೆ ಗಡ್ಡೆಯ ಚೂರಿಗೆ ಬದಲಿ ಇಲ್ಲ.

ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಣ್ಣುಮಗಳು, "ನಮ್ಮ ಯಜಮಾನರಿಗೆ ಐಡಿಎಚ್ ಇದೆ ಅಂದಿದ್ದಾರೆ ಮೇಡಂ, ಮಕ್ಕಳಿಗೂ ಬರುತ್ತಾ?" ಎಂದು ಕೇಳಿದರು. ಬರುವುದಿಲ್ಲಮ್ಮ. ಆ ಬದಲಾವಣೆ ಹುಟ್ಟಿದ್ದು ಮಿದುಳಿನ ಒಂದು ಕೋಶದಲ್ಲಿ, ಅದು ಆ ಗಡ್ಡೆಯಲ್ಲಿ ಮಾತ್ರ ಇದೆ. ಅವರ ರಕ್ತದಲ್ಲಿಲ್ಲ, ಮಕ್ಕಳಿಗೆ ದಾಟುವುದಿಲ್ಲ, ಮಕ್ಕಳಿಗೆ ಅದರ ಪರೀಕ್ಷೆ ಬೇಕಿಲ್ಲ. ಹೆಚ್ಚಿನ ಗ್ಲಯೋಮಾಗಳು ಹೀಗೇ. ಲೀ-ಫ್ರಾಮೆನಿಯಂಥ, ನ್ಯೂರೋಫೈಬ್ರೊಮಟೋಸಿಸ್‌ನಂಥ ಕೆಲವು ವಂಶಪಾರಂಪರ್ಯ ಕಾಯಿಲೆಗಳಿರುವ ಮನೆತನಗಳಲ್ಲಿ ಮಾತ್ರ ಅಪಾಯ ಹೆಚ್ಚು. ನಿಮ್ಮ ಮನೆಯಲ್ಲಿ ಇನ್ನೂ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಕ್ಯಾನ್ಸರ್ ಆಗಿತ್ತಾ ಎಂದು ಕೇಳಿದೆ. ಇಲ್ಲ ಎಂದರು. ಹಾಗಾದರೆ ಮಕ್ಕಳ ಚಿಂತೆ ಬಿಡಿ, 1ಪಿ/19ಕ್ಯೂ ಪರೀಕ್ಷೆ ಆಗಿದೆಯಾ ನೋಡಿ ಎಂದೆ. ಚೀಲದಿಂದ ಫೈಲು ತೆಗೆದರು. ಆ ಸಾಲಿನ ಮುಂದೆ ಸಲಹೆ ನೀಡಲಾಗಿದೆ ಎಂದಷ್ಟೇ ಇತ್ತು, ಪರೀಕ್ಷೆ ಆಗಿರಲಿಲ್ಲ. ಸೋಮವಾರ ಬ್ಲಾಕ್ ತೆಗೆದುಕೊಂಡು ಬನ್ನಿ ಎಂದು ಹೇಳಿದ್ದೇನೆ.